ಬೀದಿಯಿಂದ ಕರೆದ ಹೆಸರು

ಮಗುವಿಗೆ ಹೆಸರಿಡುವುದು ಸಂತೋಷದ ಕೆಲಸ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಕಳೆದ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಮಗನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಹೆಣ್ಣು ಮಗು ಹುಟ್ಟಿತ್ತು. ಸೊಸೆ ಬಾಣಂತನ ಮುಗಿಸಿಕೊಂಡು ನಂಜನಗೂಡಿಗೆ ಬಂದಿದ್ದಳು, ಜೊತೆಗೆ ಅವಳ ತಂಗಿಯೂ ಬಂದಿದ್ದಳು. ಸಂಜೆಯಾದರೆ ಮೂವರೂ ನಡುಮನೆಯಲ್ಲಿ ಕೂತು ಫೋನಿನಲ್ಲಿ ಹೆಸರು ಹುಡುಕುತ್ತಿದ್ದರು.

"ಎರಡೇ ಅಕ್ಷರ ಸಾಕು. ಉದ್ದ ಇದ್ರೆ ಎಲ್ಲಾರೂ ಮುರಿದು ಕರೀತಾರೆ," ಅಂದಳು ಸೊಸೆ.

"ಅರ್ಥ ಏನಿರ್ಬೇಕು?" ಅಂದ ಮಗ.

"ಅರ್ಥ ಆಮೇಲೆ ನೋಡ್ಕೊಳ್ಳೋಣ ಭಾವ. ಮೊದ್ಲು ಕ್ಲಾಸಲ್ಲಿ ಇನ್ನೊಬ್ಬಳಿಗೆ ಇರಬಾರದು," ಅಂದಳು ಸೊಸೆಯ ತಂಗಿ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಹಂಗಾದ್ರೆ ಗಾಡಿ ನಂಬರ್ ಇಟ್ಬಿಡ್ರವ್ವ. ಪ್ರಪಂಚದಾಗೆ ಇನ್ನೊಬ್ಬರಿಗಿರಲ್ಲ."

ಎಲ್ಲರೂ ನಕ್ಕರು. ನಾನು ಪೇಪರ್ ಹಿಡಿದುಕೊಂಡು ಮೂಲೆಯಲ್ಲಿ ಕೂತಿದ್ದೆ, ನಗು ಬರಲಿಲ್ಲ. ಸೊಸೆ ಒಳ್ಳೆಯ ಹುಡುಗಿ. ನನ್ನನ್ನೂ ಸೇರಿಸಿಕೊಳ್ಳೋಣ ಅಂತ ಕೇಳಿದಳು: "ಮಾವ, ನಿಮ್ಮ ಕಡೆ ಅಜ್ಜಿ ಮುತ್ತಜ್ಜೀರ ಹೆಸರು ಯಾವ್ದಾದ್ರೂ ಚೆನ್ನಾಗಿರೋದು ಇದ್ಯಾ? ಈಗ ಹಳೇ ಹೆಸರೇ ಫ್ಯಾಷನ್ನು."

"ಚೆನ್ನಾಗಿರೋ ಹೆಸರು ಇಟ್ಕೊಳ್ಳೋಕೆ ನಮ್ಮನ್ನ ಬಿಟ್ಟಿದ್ರೆ ತಾನೆ?" ಅಂದೆ. ಬೇಕಾಗಿದ್ದಕ್ಕಿಂತ ಜೋರಾಗಿ ಅಂದೆ. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅತ್ತಿತು.

ಮಗ ಫೋನಿನಿಂದ ತಲೆ ಎತ್ತಲಿಲ್ಲ. "ಹೆಸರಿನ ವಿಷಯಕ್ಕೆ ಅಪ್ಪನ್ನ ಕರೀಬೇಡ," ಎಂದು ಮೆಲ್ಲಗೆ ಹೆಂಡತಿಗೆ ಹೇಳಿದ. ನನಗೆ ಕೇಳಿಸಿತು. ಅವನು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಅದನ್ನೇ ಇಲ್ಲಿ ಬರೆಯಬೇಕೆಂದು ಕೂತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ.

ನನ್ನೂರು ತಿ. ನರಸೀಪುರದ ಕಡೆ, ಹೆಮ್ಮಿಗೆಯಿಂದ ಅತ್ತ ಹೋದರೆ ಸಿಗುವ ಒಂದು ಹಳ್ಳಿ. ನಮ್ಮ ಕೇರಿ ಊರಿಂದ ಸ್ವಲ್ಪ ಆಚೆಗೆ, ಕಾಲುವೆ ಮಗ್ಗುಲಲ್ಲಿ. ನಾನು ಹುಟ್ಟಿದ ಕಾಲಕ್ಕೆ ನಮ್ಮ ಕೇರಿಯಲ್ಲಿ ಮಗು ಹುಟ್ಟಿದರೆ ಹೆಸರನ್ನು ಅಪ್ಪ ಅಮ್ಮ ಇಡುತ್ತಿರಲಿಲ್ಲ. ಮಗುವಿನ ಅಪ್ಪ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಊರ ಯಜಮಾನರ ದೊಡ್ಡ ಮನೆ ಮುಂದೆ ಹೋಗಿ ಜಗುಲಿಯ ಕೆಳಗೆ ನಿಲ್ಲಬೇಕು. "ಬುದ್ದಿ, ಕೂಸಾಯ್ತು. ಯೆಸ್ರೇಳಿ" ಅನ್ನಬೇಕು. ಜಗುಲಿಯ ಮೇಲಿದ್ದವರು ಎಲೆ ಅಡಿಕೆ ಅಗಿಯುತ್ತಾ "ಯಾವ ದಿವ್ಸ ಉಟ್ತು?" ಅಂತ ಕೇಳುವರು. ವಾರದ ಹೆಸರು ಹೇಳಿದರೆ ಅದೇ ಮಗುವಿನ ಹೆಸರು. ಒಂದೇ ವಾರದ ಹೆಸರಿನವರು ಜಾಸ್ತಿಯಾದರೆ ಕುಳ್ಳ, ಕರಿಯ ಎಂದು ಮುಂದೆ ಒಂದು ಸೇರಿಸುವರು. ಅವರಿಗೆ ಮನಸ್ಸು ಬಂದರೆ ಕೊಟ್ಟಿಗೆ ಕಡೆ ಕಣ್ಣು ಹಾಯಿಸಿ ಅಲ್ಲಿ ಕಂಡದ್ದರ ಹೆಸರನ್ನೇ ಇಡುವರು. ನಮ್ಮಪ್ಪನಿಗೆ ಸಿಕ್ಕಿದ್ದು ಅಂಥ ಹೆಸರು. ಕೊಟ್ಟಿಗೆಯಲ್ಲಿ ಮೂಲೆಗೆ ಬಿದ್ದಿರುವ ಒಂದು ವಸ್ತು. ಸಾಯುವ ತನಕ ಅಪ್ಪ ಅದಕ್ಕೇ "ಓ ಬುದ್ದಿ" ಎಂದು ಓಗೊಟ್ಟ.

ನಾನು ಹುಟ್ಟಿದಾಗ ಅಪ್ಪನೂ ಹೋಗಿ ಜಗುಲಿ ಕೆಳಗೆ ನಿಂತ. ನನಗೆ ವಾರದ ಹೆಸರು ಸಿಕ್ಕಿತು. ಹೈಸ್ಕೂಲಿನಲ್ಲಿ ಹಾಜರಿ ಕೂಗುವಾಗ ಆ ಹೆಸರು ಬಂದ ಕೂಡಲೆ ಹಿಂದಿನ ಬೆಂಚಿನವರು ಅದರ ಮಾರನೆಯ ದಿನದ ಹೆಸರು ಕೂಗುತ್ತಿದ್ದರು. ಮಾಸ್ಟರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಾಗೆ ನಕ್ಕಿದ್ದು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಇನ್ನೊಬ್ಬನ ಬಾಯಲ್ಲಿ ಎಲೆ ಅಡಿಕೆ ಜೊತೆ ಅಗಿದು ಉಗಿದ ಮಾತು ನನ್ನ ಹೆಸರಾಗಿತ್ತು. ಅದನ್ನೇ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಅಚ್ಚು ಹಾಕಿ ಕೊಟ್ಟರು. ಅಪ್ಪ ಆಗಲೇ ತೀರಿಹೋಗಿದ್ದ.

ಆಮೇಲೆ ತಾಂಡ್ಯದ ಕಡೆ ಒಂದು ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಸಿಕ್ಕಿತು. ನಂಜನಗೂಡಿನಲ್ಲಿ ಬಾಡಿಗೆ ಮನೆ ಹಿಡಿದೆ, ಮದುವೆಯಾದೆ. ನಮ್ಮ ಶಿಫ್ಟಿನಲ್ಲಿ ನಮ್ಮಂಥವರೇ ನಾಲ್ಕೈದು ಜನ ಇದ್ದೆವು. ಭಾನುವಾರ ಸೇರುತ್ತಿದ್ದೆವು, ಓದುತ್ತಿದ್ದೆವು, ಒಟ್ಟಿಗೇ ಬೌದ್ಧ ದೀಕ್ಷೆ ತೆಗೆದುಕೊಂಡೆವು. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೇ. ಅದರ ಮೇಲೆ ನನಗೆ ಇವತ್ತಿಗೂ ಅನುಮಾನವಿಲ್ಲ, ಇದನ್ನು ಓದುವವರು ತಪ್ಪು ತಿಳಿಯಬಾರದು. ತಪ್ಪು ದೀಕ್ಷೆಯದಲ್ಲ. ಅದನ್ನು ಹೊದ್ದುಕೊಂಡು ಮನೆಯೊಳಗೆ ಯಜಮಾನಿಕೆ ಮಾಡಿದವನದು.

ನಮಗೆ ಮೊದಲ ಎರಡು ಕೂಸು ದಕ್ಕಲಿಲ್ಲ. ಹೆಂಡತಿ ಮತ್ತೆ ಬಸುರಿಯಾದಾಗ ಊರಲ್ಲಿದ್ದ ಅವ್ವ ನಮಗೆ ಹೇಳದೆ ನಂಜನಗೂಡಿಗೆ ಬಂದು ಕಪಿಲೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ನಂಜುಂಡೇಶ್ವರನಿಗೆ ಹರಕೆ ಹೊತ್ತುಕೊಂಡು ಹೋಗಿದ್ದಳು. ಕೂಸು ಉಳಿದರೆ ಹೊಳೆ ದಡದಲ್ಲಿ ಮುಡಿ ತೆಗೆಸುತ್ತೇನೆ, ನಿನ್ನ ಹೆಸರಿಡುತ್ತೇನೆ ಎಂದು. ಕೂಸು ಉಳಿಯಿತು. ಗಂಡು. ಆಸ್ಪತ್ರೆಯ ಬಾಗಿಲಲ್ಲೇ ಅವ್ವ ನನಗೆ ಹರಕೆಯ ವಿಷಯ ಹೇಳಿದಳು. ಅವಳ ಮುಖ ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ.

"ಹೆಸರು ಆಗ್ಲೇ ಗೊತ್ತು ಮಾಡಿದೀನಿ," ಅಂದೆ. ಬುದ್ಧನ ಶಿಷ್ಯನೊಬ್ಬನ ಹೆಸರು. ಗೆಳೆಯರಿಗೆಲ್ಲ ಹೇಳಿಯೂ ಆಗಿತ್ತು.

"ಅದ್ನೂ ಇಡು. ಬ್ಯಾಡ ಅಂದೋರ್ಯಾರು? ಮನೇಲಿ ಕರೆಯಾಕೆ ಇದು ಇರ್ಲಿ."

"ಮನೇಲೂ ಬೇಡ, ಬೀದೀಲೂ ಬೇಡ. ದೊಡ್ಡ ಮನೆಯೋರು ಇಟ್ಕೊಳ್ಳೋ ಹೆಸರು ನನ್ನ ಮಗನಿಗೆ ಯಾಕೆ? ಅವರ ಆಳಾ ನಾನು?"

ನಾನು ಹಾಗೆ ಹೇಳಿದ್ದಕ್ಕೂ ಕಾರಣವಿತ್ತು. ಆ ದೇವರ ಹೆಸರು ದೊಡ್ಡ ಮನೆಯಲ್ಲಿ ತಾತನಿಂದ ಮೊಮ್ಮಗನಿಗೆ ಇಳಿದು ಬರುತ್ತಿತ್ತು. ನಮ್ಮ ಕೇರಿಯಲ್ಲಿ ಅದನ್ನು ಯಾರೂ ಇಟ್ಟುಕೊಂಡಿರಲಿಲ್ಲ. ನಾವು ಬೇಡವೆಂದು ಬಿಟ್ಟಿದ್ದಲ್ಲ, ಇಡುವ ಹಾಗಿರಲಿಲ್ಲ. ಅವ್ವ ಆಸ್ಪತ್ರೆಯ ಕಂಬಕ್ಕೆ ಒರಗಿ ನಿಂತು ನನ್ನನ್ನೇ ನೋಡಿದಳು.

"ಅದು ಅವರ್ದಲ್ಲ ಕಣ್ಲಾ. ನಮ್ದು," ಅಂದಳು.

ನಮ್ಮದು ಅಂದರೇನು ಅಂತ ನಾನು ಕೇಳಬೇಕಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾನು ಕೇಳಲಿಲ್ಲ, ಭಾಷಣ ಮಾಡಿದೆ. ದೇವರು, ಗುಲಾಮಗಿರಿ, ವಿಜ್ಞಾನ ಎಲ್ಲಾ ಹೇಳಿದೆ. ಅಕ್ಷರ ಬಾರದ ಅವ್ವನ ಎದುರು ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಭಾನುವಾರದ ಸಭೆಯಲ್ಲಿ ಕಲಿತದ್ದನ್ನೆಲ್ಲ ಸುರಿದೆ. ಕೊನೆಗೆ ಅವಳು, "ಆಯ್ತು ಬುಡಪ್ಪ. ಕೂಸು ಚೆಂದಾಗಿರ್ಲಿ," ಅಂತ ಹೇಳಿ ತಂದಿದ್ದ ಬೆಲ್ಲದ ಪೊಟ್ಟಣವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ನರಸೀಪುರದ ಬಸ್ಸು ಹತ್ತಿದಳು.

ಹರಕೆಯನ್ನು ಮಾತ್ರ ಅವಳು ಬಿಡಲಿಲ್ಲ. ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುವಳು. ಬ್ಯಾಗಿನಲ್ಲಿ ರಾಗಿ ಹಿಟ್ಟು, ಅವರೆಕಾಯಿ, ಒಂದೊಂದು ಸಲ ಸೀರೆಯ ಚೂರಿನಲ್ಲಿ ಕಟ್ಟಿದ ಮೊಟ್ಟೆ. ಮನೆಗೆ ಬಂದು ಕರೆದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅವಳು ಹಾಗೆ ಮಾಡುತ್ತಿರಲಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇದೆ. ಅಲ್ಲಿಗೆ ಬಂದ ಕೂಡಲೆ ಬ್ಯಾಗು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು, ಹೊಲದಲ್ಲಿ ಆಚೆ ಬದುವಿನವರನ್ನು ಕೂಗುವ ಗಂಟಲಿನಲ್ಲಿ ಮೊಮ್ಮಗನನ್ನು ಆ ಹೆಸರು ಹಿಡಿದು ಕೂಗುವಳು. ಬೀದಿಗೆ ಬೀದಿಯೇ ತಿರುಗಿ ನೋಡಬೇಕು. ಮಗು ಮೊದಮೊದಲು ಅಂಬೆಗಾಲಿನಲ್ಲಿ ಹೊಸ್ತಿಲ ತನಕ ಬರುತ್ತಿತ್ತು, ಆಮೇಲೆ ಎದ್ದುಬಿದ್ದು ಓಡಿಹೋಗಿ ಅವಳ ಕಾಲು ಕಟ್ಟಿಕೊಳ್ಳುತ್ತಿತ್ತು. ಅವಳು "ಬಂದ್ಯಾ ನನ್ನೊಡೆಯ" ಅಂತ ಎತ್ತಿಕೊಳ್ಳುವಳು.

ಫ್ಯಾಕ್ಟರಿ ಗೆಳೆಯರು ಅದೇ ಬೀದಿಯಲ್ಲಿದ್ದರು. ಒಬ್ಬ ನನ್ನನ್ನು ಕೆಣಕಿದ: "ಏನ್ ಸಾ, ವೇದಿಕೆ ಮೇಲೆ ಒಂದೆಸ್ರು, ಬೀದೀಲಿ ಇನ್ನೊಂದಾ? ದೀಕ್ಷೆ ನಿಮ್ಮ ಮನೆ ಹೊಸ್ಲು ದಾಟ್ಲಿಲ್ವಾ?" ತಮಾಷೆಗೆ ಅಂದದ್ದು. ನನಗೆ ಅವಮಾನವಾಯಿತು. ಅವ್ವ ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ, ಹತ್ತು ಜನರ ಮುಂದೆ ನನ್ನನ್ನು ಸಣ್ಣವನನ್ನಾಗಿ ಮಾಡಬೇಕೆಂದೇ ಬೀದಿಯಲ್ಲಿ ನಿಂತು ಕೂಗುತ್ತಾಳೆ ಎಂದು ಲೆಕ್ಕ ಹಾಕಿಕೊಂಡೆ. ಅವಳಿಗೆ ಹೇಳಿದೆ, ಬೈದೆ. ಅವಳು ತಲೆಯಾಡಿಸುವಳು, ಮುಂದಿನ ತಿಂಗಳು ಮತ್ತೆ ಟ್ರಾನ್ಸ್‌ಫಾರ್ಮರ್ ಹತ್ತಿರ ಬ್ಯಾಗು ಇಳಿಸುವಳು.

ಆಗ ನಾನು ಆ ಕೆಲಸ ಮಾಡಿದೆ. ಅವ್ವನನ್ನು ತಿದ್ದಲು ಆಗದಿದ್ದದ್ದಕ್ಕೆ ಮಗುವನ್ನು ತಿದ್ದಿದೆ.

ಅವನಿಗೆ ಆಗ ನಾಲ್ಕು ವರ್ಷ. ಸಂಜೆ ಕೆಲಸದಿಂದ ಬಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟದ ಹಾಗೆ ಕಲಿಸಿದೆ. "ನಿನ್ನ ಹೆಸರೇನು?" ಎಂದರೆ ನಾನಿಟ್ಟ ಹೆಸರು ಹೇಳಬೇಕು. "ಅಜ್ಜಿ ಬೇರೆ ಹೆಸರಲ್ಲಿ ಕರೆದ್ರೆ?" ಎಂದರೆ ಕೈಕಟ್ಟಿ ಬೆನ್ನು ತಿರುಗಿಸಿ ನಿಲ್ಲಬೇಕು. "ಓ ಅಂತೀಯಾ?" "ಅನ್ನಲ್ಲ." "ಓಡೋಗ್ತೀಯಾ?" "ಓಗಲ್ಲ." ಸರಿಯಾಗಿ ಮಾಡಿದರೆ ಬಿಸ್ಕತ್ತು. ಹೆಂಡತಿ ಒಲೆ ಮುಂದಿಂದ ಎದ್ದು ಬಂದು, "ಏನ್ರೀ ಇದು, ನಾಯಿಗೆ ಕಲಿಸ್ದಂಗೆ ಕಲಿಸ್ತಿದೀರಲ್ಲ," ಅಂದಳು. ಅವಳಿಗೂ ಬೈದೆ. ಮಗ ಬೇಗ ಕಲಿತ. ಜಾಣ.

ಮುಂದಿನ ಸಲ ಅವ್ವ ಬಂದದ್ದು ಒಂದು ಭಾನುವಾರ. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಕಾದೇ ಕೂತಿದ್ದೆ. ಮಗ ಮನೆ ಮುಂದೆ ಗೋಲಿ ಆಡುತ್ತಿದ್ದ. ಅವಳು ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಕೂಗಿದಳು. ಮಗು ಎದ್ದಿತು. ನನ್ನ ಮುಖ ನೋಡಿತು. ಆಮೇಲೆ ಕೈಕಟ್ಟಿ ಅವಳಿಗೆ ಬೆನ್ನು ಹಾಕಿ ನಿಂತಿತು.

ಅವಳು ಇನ್ನೊಂದು ಸಲ ಕೂಗಿದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕೂಗಿದಳು. ಎದುರು ಮನೆಯ ಹೆಂಗಸು ಹೊರಗೆ ಬಂದು ನೋಡಿದಳು. ಅವ್ವ ಬ್ಯಾಗು ಎತ್ತಿಕೊಂಡು ಹತ್ತಿರ ಬಂದು ಮೊದಲು ನಕ್ಕಳು. "ಯಾಕ್ಲಾ ಕೂಸೇ, ಕಿವಿ ಕೇಳಾಕಿಲ್ವಾ? ಅಜ್ಜಿ ಮ್ಯಾಲೆ ಮುನ್ಸಾ?" ಎಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವನು ಅತ್ತ ತಿರುಗಿದ. ಅವಳು ಆ ಕಡೆ ಹೋದಳು. ಅವನು ಇತ್ತ ತಿರುಗಿದ. ಅವನಿಗೆ ಇದು ಆಟವಾಗಿಬಿಟ್ಟಿತ್ತು. "ಅಪ್ಪಾ, ನಾ ಓ ಅನ್ನಲಿಲ್ಲ! ಬಿಸ್ಕತ್ ಕೊಡು!" ಎಂದು ಕುಣಿದ.

ಅವ್ವ ಎದ್ದು ನಿಂತಳು. ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಅದೂ ಮಾಡಲಿಲ್ಲ. ನನ್ನ ಕಡೆ ನೋಡಿ, "ಕೊಡಪ್ಪ, ಬಿಸ್ಕತ್ ಕೊಡು. ಏಳ್ದಂಗೆ ಮಾಡವ್ನೆ," ಅಂದಳು. ನಾನು ಕೊಟ್ಟೆ. ಅವಳ ಎದುರಿಗೇ ಕೊಟ್ಟೆ.

ಆ ದಿನದಿಂದ ಅವಳು ಬೀದಿಯಲ್ಲಿ ಕೂಗಲಿಲ್ಲ. ಟ್ರಾನ್ಸ್‌ಫಾರ್ಮರ್ ದಾಟಿ ಸದ್ದಿಲ್ಲದೆ ಬಂದು ಹೊಸ್ತಿಲಲ್ಲಿ ಕೂರುವಳು. ನಾನಿಟ್ಟ ಹೆಸರಿನಿಂದಲೂ ಅವನನ್ನು ಕರೆಯಲಿಲ್ಲ. ಕೂಸೇ ಅನ್ನುವಳು. ಅವನು ದೊಡ್ಡವನಾದ ಮೇಲೆ ಅದೂ ಹೋಯಿತು. "ಇಗಾ, ಬಾಪ್ಪ ಇಲ್ಲಿ" ಅಷ್ಟೆ. ನಾನು ಗೆದ್ದೆ ಅಂದುಕೊಂಡೆ. ಗೆಳೆಯರ ಮುಂದೆ ಆ ಕಥೆ ಹೇಳಿ ನಗಿಸಿದ್ದೂ ಉಂಟು.

ಅವ್ವ ಕೊನೆಗೆ ಮಲಗಿದ್ದು ನಮ್ಮ ಮನೆಯಲ್ಲೇ. ಮಗ ಆಗ ಹೈಸ್ಕೂಲಿನಲ್ಲಿದ್ದ. ಒಂದು ಮಧ್ಯಾಹ್ನ ಅವನು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಅವಳು ಕಣ್ಣು ಬಿಟ್ಟು ಅವನ ಮುಖವನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆರೆದಳು. ಕರೆಯಲು ಹೊರಟಿದ್ದಳು. ಆ ತುಟಿ ಆ ಹೆಸರಿಗೆ ಹೇಗೆ ಕೂಡುತ್ತದೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ. ಬಾಯಿ ಮುಚ್ಚಿಕೊಂಡಳು. ಗಂಜಿಯೂ ಬೇಡ ಎಂದು ಕೈಯಾಡಿಸಿದಳು. ದೊಡ್ಡ ಮನೆಯ ಜಗುಲಿಯ ಮೇಲಿದ್ದವರನ್ನು ಕಂಡರೆ ಅವಳು ಹೀಗೇ ಬಾಯಿ ಮುಚ್ಚುತ್ತಿದ್ದದ್ದನ್ನು ಚಿಕ್ಕಂದಿನಲ್ಲಿ ನಾನು ನೋಡಿದ್ದೆ. ಈಗ ಜಗುಲಿಯ ಜಾಗದಲ್ಲಿ ನಾನಿದ್ದೆ. ಅವಳು ಸತ್ತು ಇಷ್ಟು ವರ್ಷವಾಗಿದೆ, ನನ್ನ ಕಣ್ಣಿಗೆ ಆ ಬಾಯಿ ಇನ್ನೂ ಮುಚ್ಚುತ್ತಲೇ ಇದೆ.

ಇಷ್ಟೇ ಆಗಿದ್ದರೆ, ಮುದುಕಿಯ ಹರಕೆಯೊಂದನ್ನು ತೀರಿಸಲು ಬಿಡಲಿಲ್ಲ ಎಂದು ಪಶ್ಚಾತ್ತಾಪಪಟ್ಟುಕೊಂಡು ಸಾಯಬಹುದಿತ್ತು. ಕಳೆದ ತಿಂಗಳು ಇನ್ನೊಂದು ಗೊತ್ತಾಯಿತು.

ಮೊಮ್ಮಗಳ ನಾಮಕರಣಕ್ಕೆ ಕರೆಯಲು ನಾನು ಊರಿಗೆ ಹೋದೆ. ಅಲ್ಲಿ ನಮ್ಮಪ್ಪನ ತಂಗಿ, ನನ್ನ ಸೋದರತ್ತೆ, ಇನ್ನೂ ಗಟ್ಟಿಯಾಗಿದ್ದಾಳೆ. ನಾನು ಹೋದಾಗ ನೆನೆಸಿದ ಅವರೆಕಾಳನ್ನು ಹಿಸುಕುತ್ತಾ ಕೂತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಹಾರುತ್ತಿತ್ತು.

"ಬಂದ್ಯಾ ಪಟ್ಣದ ಸಾಯೇಬ! ದಾರಿ ತಪ್ಪಿ ಬಂದ್ಯಾ, ಇಲ್ಲ ನಾ ಸತ್ತೋದೆ ಅಂತವ ಬಂದ್ಯಾ?"

ವಿಷಯ ಹೇಳಿದೆ. ಸೊಸೆಯ ಮೇಲೆ ರೇಗಿದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅದಕ್ಕೇ ಕೇಳಿದೆ, ನಮ್ಮ ಮನೆಯ ಹಳೆಯ ಹೆಂಗಸರ ಹೆಸರೇನೇನಿತ್ತು ಅಂತ.

"ಅಯ್ಯೋ, ನಮ್ ಯೆಸ್ರು ಯಾವಳಿಗ್ ಬೇಕಿತ್ತು? ಗಂಡಸ್ರ ಯೆಸ್ರನ್ನೇ ಕೇಳೋರಿರ್ನಿಲ್ಲ." ಒಂದು ಕಾಳು ಹಿಸುಕಿ ನನ್ನ ಕಡೆ ನೋಡಿದಳು. "ಎಲ್ಲಿ, ನಿಮ್ಮಪ್ಪನ ಯೆಸ್ರೇಳ್ಲಾ ನೋಡಮ?"

ನಾನು ಆ ಕೊಟ್ಟಿಗೆಯ ವಸ್ತುವಿನ ಹೆಸರು ಹೇಳಿದೆ.

"ತೂ. ಅದು ದೊಡ್ಡ ಮನೆಯೋರು ಕೂಗ್ತಿದ್ದುದ್ದು. ನಾ ಕೇಳ್ತಿರಾದು ಯೆಸ್ರು."

ನನಗೆ ಅರ್ಥವಾಗಲಿಲ್ಲ. ನನಗೆ ಗೊತ್ತಿಲ್ಲವೆನ್ನುವುದೇ ಅವಳಿಗೆ ಆಶ್ಚರ್ಯ. ಕೈ ಒರೆಸಿಕೊಂಡು ಹೇಳಿದಳು. ಅವರ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ಮೊದಲ ಕೂಸುಗಳು ದಕ್ಕಿರಲಿಲ್ಲ. ಅವಳೂ ನಡೆದುಕೊಂಡು ನಂಜನಗೂಡಿಗೆ ಹೋಗಿ ಕಪಿಲೆಯಲ್ಲಿ ಮುಳುಗಿ ಹರಕೆ ಹೊತ್ತಳು. ನಮ್ಮಪ್ಪ ಹುಟ್ಟಿದ. ತಾತ ಜಗುಲಿ ಕೆಳಗೆ ನಿಂತು, ಹೆಸರು ಕೇಳುವ ಬದಲು, ಹರಕೆ ಇದೆ ಬುದ್ದಿ, ದೇವರ ಹೆಸರೇ ಇಟ್ಟಿದ್ದೀವಿ ಎಂದು ಹೇಳಿಬಿಟ್ಟ.

"ಅವತ್ತು ಜಗ್ಲಿ ಮ್ಯಾಲಿದ್ದೋನು ಏನಂದ ಅಂದಿಯಾ? 'ನಮ್ಮಪ್ಪನ್ ಯೆಸ್ರು ಇಟ್ಕಂಡು ನಿನ್ ಮಗ ನಮ್ಮ ಕೊಟ್ಗೆ ಸಗ್ಣಿ ಬಾಚಾಕ್ ಬಂದ್ರೆ, ನಾವು ಲೋ ಅಂತವ ಯಾರನ್ ಕರ್ದಂಗಾಯ್ತದ್ಲಾ?' ಅಂದ. ಆಮ್ಯಾಕೆ ಕೊಟ್ಗೆ ಕಡೆ ನೋಡ್ಬುಟ್ಟು ಆ ಯೆಸ್ರು ಕೊಟ್ಟ. ನಮ್ಮವ್ವ ಬುಡ್ತಾಳಾ? ಬಾಗ್ಲಾಕಂಡು, ಒಳಗೆ, ಕಿವಿ ತಾವು ಬಾಯಿಟ್ಟು ದೇವ್ರ ಯೆಸ್ರಲ್ಲೇ ಕರೀತಿದ್ಲು. ಈಚೆಗೆ ಒಂದುಸ್ರು ಬರ್ಬಾರ್ದು. ನಾನೂ ಅಣ್ಣನ್ನ ಅಂಗೇ ಕರ್ದಿವ್ನಿ, ಬಾಗ್ಲಾಕಂಡು."

"ಅವ್ವನಿಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ? ಮದ್ವೆ ಆಗಿ ಬಂದ ದಿವ್ಸ್ವೇ ನಮ್ಮವ್ವ ಏಳವ್ಳೆ. ಆದ್ರೆ ಅವ್ಳು ಕರೆಯಂಗಿಲ್ವಲ್ಲ, ಗಂಡನ್ ಯೆಸ್ರು! ಬಾಗ್ಲಾಕಂಡೂ ಕರೆಯಂಗಿಲ್ಲ. ನಿನ್ ಮಗ ಉಟ್ದಾಗ ನನ್ ತಾವ ಬಂದು ಕುಣುದ್ಬುಟ್ಲು. 'ಮೊಮ್ಮಗನ್ ನೆಪದಾಗೆ ನಡುಬೀದೀಲಿ ನಿಂತ್ಕಂಡು ಕೂಗ್ತೀನಿ ಕನವ್ವ, ನಂಜನಗೂಡ್ಗೆಲ್ಲ ಕೇಳ್ಬೇಕು, ಅಲ್ಲಿ ಯಾರ್ ಬಂದು ಬಾಯ್ ಮುಚ್ಚುಸ್ತಾರೆ ನೋಡಮ' ಅಂದ್ಲು. ಕೂಗುದ್ಲಾ?"

ಬಾಯಿ ಮುಚ್ಚಿಸಿದವನೇ ಅವಳೆದುರು ಕೂತಿದ್ದಾನೆಂದು ಹೇಳುವ ಧೈರ್ಯ ಬರಲಿಲ್ಲ. "ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ, ಅದೂ ಅವ್ವನ ಮೇಲೆ ತಪ್ಪು ಹೊರಿಸುವ ಹಾಗೆ.

"ನಿಂಗೆ ಏಳಾದಾ? ನೀ ಆಗ ಉರ್ಯೋ ಬೆಂಕಿ. ಊರ್ಗ್ ಬಂದು ದೊಡ್ಡ ಮನೆ ಮುಂದೆ ಜಗಳ ತಗೀತಿದ್ದೆ. ಅವ್ಳು ಅದೇ ಮನೆ ಗದ್ದೇಲಿ ಕಳೆ ಕೀಳ್ಬೇಕಿತ್ತಲ್ಲಪ್ಪ, ಮಾರ್ನೆ ದಿವ್ಸ." ಅತ್ತೆ ಮತ್ತೆ ಕಾಳು ಹಿಸುಕತೊಡಗಿದಳು. "ನೀನು ಕೇಳಿದ್ರೆ ಏಳ್ತೀನಿ ಅಂತಿದ್ಲು. ಕೇಳ್ನಿಲ್ವಾ ನೀನು?"

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆ ಜಗುಲಿಯ ಮೇಲೆ ಸಿಟ್ಟು ಬಂತು, ಆದರೆ ಅದರ ಮೇಲೆ ಇದ್ದವರೆಲ್ಲ ಸತ್ತಿದ್ದಾರೆ, ಜಗುಲಿಯನ್ನೂ ಒಡೆದು ಅಂಗಡಿ ಕಟ್ಟಿದ್ದಾರೆ. ಉಳಿದದ್ದು ನಾನು. ಅಪ್ಪನ ಹೆಸರನ್ನು ಮೊದಲನೇ ಸಲ ಅವರು ಕಿತ್ತುಕೊಂಡರು. ಎರಡನೇ ಸಲ, ಬೀದಿಯಲ್ಲಿ ಅವ್ವ ಅದನ್ನು ಎತ್ತಿ ಹಿಡಿದಾಗ, ನಾನು ಕಿತ್ತುಕೊಂಡೆ. ಅವರಿಗಾದರೂ ಅದು ಯಾರ ಹೆಸರೆಂದು ಗೊತ್ತಿತ್ತು. ನಾನು ಏನೂ ತಿಳಿಯದೆ, ಸ್ವಾಭಿಮಾನದ ಹೆಸರು ಹೇಳಿಕೊಂಡು, ಒಂದು ಬಿಸ್ಕತ್ತಿಗೆ ಆ ಕೆಲಸ ಮುಗಿಸಿದೆ.

ಮನೆಗೆ ಬಂದಾಗ ಮಗ ಬಾಗಿಲ ಮುಂದೆ ಬೈಕು ತೊಳೆಯುತ್ತಿದ್ದ. ಇಳಿ ಹೊತ್ತು. ಬೆನ್ನು ನನ್ನ ಕಡೆಗಿತ್ತು. ನಾನು ನಿಂತುಕೊಂಡೇ ಎಲ್ಲಾ ಹೇಳಿದೆ. ಅಜ್ಜಿಯ ಹರಕೆ, ಅಪ್ಪನ ಹೆಸರು, ಬಾಗಿಲು ಹಾಕಿಕೊಂಡು ಕರೆಯುತ್ತಿದ್ದದ್ದು, ಬೀದಿಯಲ್ಲಿ ಯಾಕೆ ಕೂಗುತ್ತಿದ್ದಳು ಎನ್ನುವುದು. ಅವನ ಕೈ ನಿಧಾನವಾಯಿತು, ನಿಲ್ಲಲಿಲ್ಲ. ಕೊನೆಗೆ ನಾನು ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ.

"ಆ ಹೆಸರನ್ನ ಕೊನೇಲಿ ಚೂರು ತಿದ್ದಿದ್ರೆ ಹೆಣ್ಣಿಗೂ ಆಗುತ್ತೆ. ಕೂಸಿಗೆ ಅದನ್ನೇ ಇಡೋಣ."

ಅವನು ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ. "ಇಲ್ಲ," ಅಂದ.

"ಯಾಕೆ?"

"ಮಗು ಹೆಸರು ನಾವಿಬ್ರು ಇಡ್ತೀವಿ. ನಿಮ್ಮ ತಪ್ಪು ತೊಳ್ಕೊಳ್ಳೋಕೆ ನನ್ನ ಮಗಳು ನೀರಲ್ಲ."

ನಾನು ರೇಗಿದೆ. ಈ ವಯಸ್ಸಿನಲ್ಲೂ, ಇಷ್ಟು ತಿಳಿದ ಮೇಲೂ, ಮಾತಿಗೆ ಎದುರು ಬಂದರೆ ಮೊದಲು ರೇಗುತ್ತೇನೆ. "ನಿಮ್ಮ ತಾತನ ಹೆಸರು ಕಣೋ ಅದು! ನಿನಗೇನು ಗೊತ್ತು?" ಅಂದೆ.

"ನನಗೇನ್ ಗೊತ್ತಾ?" ಅವನು ಇನ್ನೂ ತಿರುಗಿರಲಿಲ್ಲ. "ಆ ಹೆಸರಲ್ಲಿ ಅಜ್ಜಿ ಕರೀತಿದ್ದಿದ್ದು ನನ್ನನ್ನ. ಕೈ ಕಟ್ಕೊಂಡು ನಿಂತಿದ್ದು ನಾನು. ನನಗೆ ನೆನಪಿಲ್ಲ ಅಂದ್ಕೊಂಡಿದೀರಾ? ಗಂಜಿ ಕುಡಿಸ್ತಿದ್ದಾಗ ಅಜ್ಜಿ ಕರೀಲಿ ಅಂತ ನಾನು ಕಾಯ್ತಿದ್ದೆ ಅಪ್ಪ. ಕರೆದ್ರೆ ಓ ಅನ್ನೋಣ ಅಂತ ಕಾಯ್ತಿದ್ದೆ."

ಬೈಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಸೊಸೆ ಕೂಸನ್ನು ತೂಗುವ ಸದ್ದು ಬರುತ್ತಿತ್ತು.

"ಆ ಹೆಸರು ಯಾರ್ದಾದ್ರೂ ಆದ್ರೆ ನಂದು," ಅಂದ ಅವನು. "ಕರೀಬೇಕು ಅನ್ನಿಸಿದ್ರೆ ನನ್ನನ್ನ ಕರೀರಿ."

ನಾನು ಬಾಯಿ ತೆರೆದೆ. ಇಷ್ಟು ವರ್ಷ ಬೈದು ಓಡಿಸಿದ್ದ ಹೆಸರು ನಾಲಿಗೆಗೆ ಬರಲಿಲ್ಲ. ಕೊನೆಗೆ ಪಿಸುದನಿಯಲ್ಲಿ ಹೇಳಿದೆ.

"ಹಂಗಲ್ಲ. ಅದು ಬಾಗ್ಲು ಹಾಕ್ಕೊಂಡು ಕರೆಯೋದು," ಅಂದ. "ಅಜ್ಜಿ ನಿಂತ್ಕೊಳ್ತಿದ್ರಲ್ಲ, ಅಲ್ಲಿಗೆ ಹೋಗಿ."

ಮೊದಲು ನನಗೆ ಸಿಟ್ಟೇ ಬಂತು. ಮಗ ನನ್ನನ್ನು ಬೀದಿಯಲ್ಲಿ ನಿಲ್ಲಿಸುತ್ತಿದ್ದಾನೆ, ಈಗ ಬೀದಿಯ ತುಂಬ ಜನ, ಪರಿಚಯದವರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಟ್ರಾನ್ಸ್‌ಫಾರ್ಮರ್ ಈಗಲೂ ಅಲ್ಲೇ ಇದೆ, ಸುತ್ತ ತಂತಿ ಬೇಲಿ ಹಾಕಿದ್ದಾರೆ. ಅದರ ಪಕ್ಕ ಪಾನಿಪೂರಿ ಗಾಡಿಯವನು ಒಲೆ ಹಚ್ಚುತ್ತಿದ್ದ. "ಏನ್ ಸಾ, ಯಾರ್ಗ್ ಕಾಯ್ತಿದೀರಿ?" ಅಂದ. ಅಲ್ಲಿಂದ ನಮ್ಮ ಮನೆ ಇಷ್ಟು ದೂರವೆಂದು ನಾನು ಅಂದುಕೊಂಡಿರಲಿಲ್ಲ. ಅವಳು ತುಂಬಿದ ಬ್ಯಾಗು ಹೊತ್ತುಕೊಂಡು ಬಂದು ಇಲ್ಲಿಂದ ಕೂಗುತ್ತಿದ್ದಳು.

ಕೂಗಿದೆ. ದನಿ ಒಡೆಯಿತು. ಪಾನಿಪೂರಿಯವನು ತಲೆ ಎತ್ತಿದ. ಎದುರು ಮನೆಯ ಹೆಂಗಸು, ಈಗ ಮುದುಕಿ, ಕಾಂಪೌಂಡಿನಿಂದ ಇಣುಕಿದಳು. ಅಷ್ಟು ದೂರದಲ್ಲಿ ಮಗ ಎದ್ದು ನಿಂತ. ತಿರುಗಲಿಲ್ಲ. ಕೈಕಟ್ಟಿಕೊಂಡ.

ಅವ್ವ ಇಲ್ಲಿ ನಿಂತು ಇದನ್ನೇ ನೋಡಿದ್ದಳು. ಈ ಬೆನ್ನನ್ನು ತಯಾರು ಮಾಡಿದವನು ನಾನು. ಅದು ತಿರುಗಲಿ ಎಂದು ಕೇಳುವ ಮುಖ ನನಗಿರಲಿಲ್ಲ.

"ಇನ್ನೊಂದ್ಸಲ," ಎಂದು ಅವನು ಅಲ್ಲಿಂದಲೇ ಕೂಗಿ ಹೇಳಿದ. ಇತ್ತ ತಿರುಗದೆ.

ನಾನು ಸೊಂಟಕ್ಕೆ ಕೈ ಕೊಟ್ಟು, ಅವಳು ಕೂಗುತ್ತಿದ್ದ ಗಂಟಲಿನಲ್ಲಿ, ನಮ್ಮಪ್ಪನ ಹೆಸರನ್ನು ನಡುಬೀದಿಯಲ್ಲಿ ಮತ್ತೆ ಕೂಗಿದೆ.